ಪಬ್ ಉಳಿಸೋಕೆ ಸಂಸತ್ತು ಯಾಕೆ ಬೇಕು?

"ಪಬ್‌ಗಳನ್ನು ಉಳಿಸಿ" ಅಂತ ನಮ್ಮ ವಿಧಾನಸೌಧದಲ್ಲಿ ಶಾಸಕರೊಬ್ಬರು ಎದ್ದು ನಿಂತು ಮಾತಾಡಿದ್ರೆ ಮರುದಿನ ಏನಾಗುತ್ತೆ? ಟಿವಿಯಲ್ಲಿ ಚರ್ಚೆ, ವಾಟ್ಸ್ಆ್ಯಪ್‌ನಲ್ಲಿ ಟ್ರೋಲ್, ಸಂಜೆಗೆ ಒಂದು ಸ್ಪಷ್ಟನೆ. ಬ್ರಿಟನ್ನಿನಲ್ಲಿ ಇದು ಮಾಮೂಲು ರಾಜಕೀಯ. ಕನ್ಸರ್ವೇಟಿವ್, ಲೇಬರ್, ಲಿಬರಲ್ ಡೆಮಾಕ್ರಾಟ್ ಅನ್ನೋ ಭೇದವಿಲ್ಲದೆ ಸಂಸದರು ಸಣ್ಣ ಬ್ರೂವರಿಗಳ ಪರ, ಊರಿನ ಪಬ್‌ಗಳ ಪರ ಮಾತಾಡ್ತಾರೆ. ಸಂಸತ್ ಭವನದ ಒಳಗೇ ಇರೋ ಸ್ಟ್ರೇಂಜರ್ಸ್ ಬಾರ್‌ನಲ್ಲಿ ತಮ್ಮ ಕ್ಷೇತ್ರದ ಬಿಯರ್ ಇಡಿಸೋದು ಅವರಿಗೆ ಹೆಮ್ಮೆಯ ವಿಷಯ.

ಸಾಫ್ಟ್‌ವೇರ್ ಕೆಲಸದ ಮೇಲೆ ನಾನು ಇಂಗ್ಲೆಂಡಿಗೆ ಬಂದು ಮೂರು ವರ್ಷವಾಯ್ತು. ಕುಡಿಯೋದು ಅಷ್ಟಕ್ಕಷ್ಟೆ. ಆದ್ರೆ ವಾರಕ್ಕೊಂದು ಸಲ ಪಬ್‌ಗೆ ಹೋಗೋದು ತಪ್ಪಲ್ಲ. ಪಬ್ ಅಂದ ತಕ್ಷಣ ನಮಗೆ ಬ್ರಿಗೇಡ್ ರೋಡು, ಜೋರು ಮ್ಯೂಸಿಕ್ ನೆನಪಾಗುತ್ತೆ. ಇಲ್ಲಿ ಅದು ಪಬ್ಲಿಕ್ ಹೌಸ್ ಅನ್ನೋದರ ಚಿಕ್ಕ ರೂಪ. ಹಳ್ಳಿಯ ಅಂಗಡಿ, ಅಂಚೆ ಕಚೇರಿ, ಬ್ಯಾಂಕು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ನಾಲ್ಕು ಜನ ಸೇರೋಕೆ ಉಳಿಯೋ ಜಾಗ ಅದೊಂದೇ. ಒಂಟಿಯಾಗಿರೋ ಹಿರಿಯರು ಮಧ್ಯಾಹ್ನ ಬಂದು ಸೂಪ್ ಕುಡಿದು ಹರಟೆ ಹೊಡೀತಾರೆ. ಮಕ್ಕಳನ್ನು ಕರ್ಕೊಂಡು ಭಾನುವಾರದ ಊಟಕ್ಕೆ ಬರ್ತಾರೆ. ನಮ್ಮ ಅರಳಿಕಟ್ಟೆಗೆ ಮಾಡು ಹಾಕಿ, ಒಳಗೆ ಬೆಂಕಿ ಹಚ್ಚಿಟ್ಟ ಹಾಗೆ ಅಂದ್ಕೊಳ್ಳಿ.

ಆ ಕಟ್ಟೆಗಳು ಕಡಿಮೆಯಾಗ್ತಿವೆ. 2000ದ ಸುಮಾರಿಗೆ ಬ್ರಿಟನ್ನಿನಲ್ಲಿ 60 ಸಾವಿರದಷ್ಟು ಪಬ್‌ಗಳಿದ್ದವು. ಈಗ ಉಳಿದಿರೋದು 45 ಸಾವಿರದ ಆಸುಪಾಸು. ಇದನ್ನು ತಡೆಯೋಕೆ ಸಂಸತ್ತು ಏನು ಮಾಡಿದೆ ಅಂತ ಹುಡುಕಿದಾಗ ನನಗೆ ಸಿಕ್ಕಿದ್ದು ದೊಡ್ಡ ಪ್ಯಾಕೇಜ್ ಅಲ್ಲ, ಕೆಲವು ಸಣ್ಣ ಸಣ್ಣ ನಿಯಮಗಳು.

ಚಿಕ್ಕವರಿಗೆ ಅರ್ಧ ಸುಂಕ

ಮೊದಲನೆಯದು 2002ರದ್ದು. ಆಗ ಹಣಕಾಸು ಸಚಿವರಾಗಿದ್ದ ಗಾರ್ಡನ್ ಬ್ರೌನ್, ವರ್ಷಕ್ಕೆ 5 ಲಕ್ಷ ಲೀಟರ್‌ವರೆಗೆ ಬಿಯರ್ ತಯಾರಿಸೋ ಬ್ರೂವರಿಗಳಿಗೆ ಸುಂಕವನ್ನು ಅರ್ಧಕ್ಕೆ ಇಳಿಸಿದರು. ಸಣ್ಣ ಬ್ರೂವರಿಗಳ ಸಂಘ ಸೀಬಾ 1980ರಲ್ಲಿ ಹುಟ್ಟಿದಾಗಿನಿಂದ ಕೇಳ್ತಿದ್ದದ್ದು ಇದನ್ನೇ. ದೊಡ್ಡ ಕಾರ್ಖಾನೆಗೂ ಹಳೇ ಕೊಟ್ಟಿಗೆಯಲ್ಲಿ ಬಿಯರ್ ಕುದಿಸೋ ಇಬ್ಬರಿಗೂ ಒಂದೇ ದರ ಅಂದ್ರೆ ಚಿಕ್ಕವರು ಬದುಕೋದು ಹೇಗೆ? ಆಗ 400ರ ಹತ್ತಿರ ಇದ್ದ ಬ್ರೂವರಿಗಳ ಸಂಖ್ಯೆ ಮುಂದಿನ ಎರಡು ದಶಕದಲ್ಲಿ 2 ಸಾವಿರದ ಹತ್ತಿರ ಬಂತು.

ತೊಂದರೆಯೂ ಇತ್ತು. 5 ಲಕ್ಷ ಲೀಟರ್ ದಾಟಿದರೆ ರಿಯಾಯಿತಿ ಕರಗುತ್ತಾ ಹೋಗ್ತಿತ್ತು, ಹಾಗಾಗಿ ಕೆಲವರು ಬೆಳೆಯೋಕೇ ಹಿಂದೇಟು ಹಾಕಿದರು. 2023ರ ಆಗಸ್ಟ್ 1ರಿಂದ ಬೇರೆ ಲೆಕ್ಕಾಚಾರದ ಹೊಸ ವ್ಯವಸ್ಥೆ ಬಂದಿದೆ.

40 ಲೀಟರಾ, 20 ಲೀಟರಾ?

ಅದೇ ದಿನ ಇನ್ನೊಂದು ನಿಯಮವೂ ಜಾರಿಗೆ ಬಂತು. ಪಬ್‌ನ ನಲ್ಲಿಯಿಂದ ಗ್ಲಾಸಿಗೆ ಬರೋ ಡ್ರಾಫ್ಟ್ ಬಿಯರ್‌ಗೆ ಕ್ಯಾನ್, ಬಾಟಲಿಗಳಿಗಿಂತ ಕಡಿಮೆ ಸುಂಕ. ಶುರುವಿನಲ್ಲಿ ಈ ವ್ಯತ್ಯಾಸ ಶೇ 9.2 ಇತ್ತು. 2025ರ ಫೆಬ್ರವರಿಯಿಂದ ಶೇ 13.9. ಸೂಪರ್‌ಮಾರ್ಕೆಟ್ಟಿನಲ್ಲಿ ಅಗ್ಗದ ಕ್ಯಾನ್ ತಂದು ಮನೇಲಿ ಒಬ್ಬರೇ ಕುಡಿಯೋ ಬದಲು ಜನ ಪಬ್‌ಗೆ ಬರಲಿ ಅನ್ನೋದು ಇದರ ಹಿಂದಿನ ಲೆಕ್ಕ. 568 ಎಂಎಲ್‌ನ ಒಂದು ಪಿಂಟ್‌ಗೆ 2025ರಲ್ಲಿ ಇಳಿದದ್ದು ಒಂದೇ ಒಂದು ಪೆನ್ನಿ. ಅದನ್ನೂ ಹೇಳಬೇಕು.

ನನಗೆ ಇಷ್ಟವಾದದ್ದು ಇದರೊಳಗಿನ ಒಂದು ಸಂಖ್ಯೆ. 2021ರಲ್ಲಿ ಪ್ರಕಟವಾದ ಮೊದಲ ಯೋಜನೆಯಲ್ಲಿ, 40 ಲೀಟರ್ ಅಥವಾ ಅದಕ್ಕಿಂತ ದೊಡ್ಡ ಪೀಪಾಯಿಗೆ ಮಾತ್ರ ರಿಯಾಯಿತಿ ಅಂತಿತ್ತು. ಸಣ್ಣ ಬ್ರೂವರಿಗಳಲ್ಲಿ ಬಹಳಷ್ಟು ಬಳಸೋದು 20, 30 ಲೀಟರಿನವು. ಅವರು ಗಲಾಟೆ ಮಾಡಿದರು, ಸಂಸದರು ದನಿಗೂಡಿಸಿದರು, 40 ಹೋಗಿ 20 ಆಯ್ತು. ಒಂದು ಸಂಖ್ಯೆ ಬದಲಾಗದಿದ್ರೆ ಚಿಕ್ಕವರಿಗೆಂದು ತಂದ ಲಾಭ ದೊಡ್ಡವರ ಪಾಲಾಗ್ತಿತ್ತು. ಕೋಡ್ ಬರೆಯೋರಿಗೆ ಇದು ಬೇಗ ಅರ್ಥವಾಗುತ್ತೆ.

ಒಂದು ಬಗ್ ಫಿಕ್ಸ್, ಇನ್ನೊಂದು ಬಗ್ ರಿಲೀಸ್

ಕಾನೂನು ಎಡವಿದ ಕಥೆಯೂ ಇದೆ. ಮೊದಲೆಲ್ಲ ದೊಡ್ಡ ಬ್ರೂವರಿಗಳೇ ಸಾವಿರಾರು ಪಬ್‌ಗಳ ಮಾಲೀಕರು. ಪಬ್ ನಡೆಸೋರು ಕಟ್ಟಡಕ್ಕೆ ಬಾಡಿಗೆ ಕೊಡಬೇಕು, ಬಿಯರನ್ನೂ ಮಾಲೀಕರಿಂದಲೇ, ಅವರು ಹೇಳಿದ ದರಕ್ಕೆ ಕೊಳ್ಳಬೇಕು. ಪಕ್ಕದ ಬೀದಿಯಲ್ಲೇ ಒಳ್ಳೆ ಬಿಯರ್ ತಯಾರಾದ್ರೂ ಇಡೋ ಹಾಗಿಲ್ಲ. ಇದಕ್ಕೆ 'ಟೈಡ್ ಪಬ್' ಅಂತಾರೆ.

1989ರಲ್ಲಿ ಸರ್ಕಾರ ಈ ಕಟ್ಟು ಸಡಿಲಿಸಿತು. 2 ಸಾವಿರಕ್ಕಿಂತ ಹೆಚ್ಚು ಪಬ್ ಇರೋ ಬ್ರೂವರಿಗಳು ಹೆಚ್ಚುವರಿಯಲ್ಲಿ ಅರ್ಧದಷ್ಟನ್ನು ಮಾರಬೇಕು ಇಲ್ಲವೇ ಕಟ್ಟಿನಿಂದ ಬಿಡಬೇಕು ಅಂತ ಆದೇಶವಾಯ್ತು. ಅವರು ಮಾರಿದರು. ಕೊಂಡದ್ದು ಯಾರು? ಪಬ್‌ಗಳನ್ನು ಇಟ್ಟುಕೊಳ್ಳೋಕೆಂದೇ ಹುಟ್ಟಿದ ಹೊಸ ಕಂಪನಿಗಳು. ಅವು ಬಿಯರ್ ತಯಾರಿಸ್ತಿರಲಿಲ್ಲ, ಆದೇಶ ಇದ್ದದ್ದು ಬ್ರೂವರಿಗಳಿಗೆ. ಹಾಗಾಗಿ ಹಳೇ ಕಟ್ಟು ಹೊಸ ಕೈಗೆ ಹೋಯ್ತು ಅಷ್ಟೆ.

ಅದನ್ನು ಸರಿಪಡಿಸೋಕೆ ಕಾಲು ಶತಮಾನ ಬೇಕಾಯ್ತು. 2014ರ ನವೆಂಬರ್‌ನಲ್ಲಿ ಲೀಡ್ಸ್ ನಾರ್ತ್ ವೆಸ್ಟ್ ಸಂಸದ ಗ್ರೆಗ್ ಮುಲ್ಹಾಲೆಂಡ್ ಒಂದು ತಿದ್ದುಪಡಿ ತಂದರು. ಟೈಡ್ ಪಬ್ ನಡೆಸೋರು ಮಾರುಕಟ್ಟೆ ದರದ ಬಾಡಿಗೆ ಮಾತ್ರ ಕೊಟ್ಟು, ಬಿಯರನ್ನು ಎಲ್ಲಿಂದಾದ್ರೂ ಕೊಳ್ಳೋ ಹಕ್ಕು ಕೇಳಬಹುದು ಅನ್ನೋದು ಅದರ ಸಾರ. ಸರ್ಕಾರ ವಿರೋಧಿಸಿತು. 284 ಮತ ಪರವಾಗಿ, 269 ವಿರುದ್ಧವಾಗಿ ಬಿದ್ದು ಸರ್ಕಾರವೇ ಸೋತಿತು. ಮುಲ್ಹಾಲೆಂಡ್ ಅವರ ಪಕ್ಷವೇ ಆಗ ಸರ್ಕಾರದ ಪಾಲುದಾರ ಪಕ್ಷವಾಗಿತ್ತು ಅನ್ನೋದು ಇನ್ನೂ ಸ್ವಾರಸ್ಯ. 500 ಅಥವಾ ಹೆಚ್ಚು ಟೈಡ್ ಪಬ್ ಇರೋ ಕಂಪನಿಗಳಿಗೆ 2016ರಿಂದ ಈ ಸಂಹಿತೆ ಅನ್ವಯ. ಸ್ಕಾಟ್ಲೆಂಡ್ 2021ರಲ್ಲಿ ತನ್ನದೇ ಕಾನೂನು ಮಾಡಿ, ಹೊರಗಿನ ಒಂದು ಬಿಯರ್ ಇಡೋ ಅವಕಾಶವನ್ನೂ ಸೇರಿಸಿತು.

ಊರವರೇ ಮಾಲೀಕರು

ಕಟ್ಟಡವೇ ಮಾರಾಟಕ್ಕೆ ಬಂದ್ರೆ? ಕುಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಅನ್ನೋ ಪುಟ್ಟ ಹಳ್ಳಿಯವರು 1999ರಲ್ಲಿ ಊರಿನ ಬ್ರೂವರಿಯನ್ನು, 2003ರಲ್ಲಿ ಓಲ್ಡ್ ಕ್ರೌನ್ ಪಬ್ಬನ್ನು ಸಹಕಾರಿ ಪದ್ಧತಿಯಲ್ಲಿ ತಾವೇ ಕೊಂಡರು. 2011ರ ಲೋಕಲಿಸಂ ಕಾಯ್ದೆ ಇಂಗ್ಲೆಂಡಿನ ಇಂಥ ಊರುಗಳಿಗೆಲ್ಲ ಒಂದು ಹಿಡಿತ ಕೊಟ್ಟಿತು. ಪಬ್ಬನ್ನು 'ಸಮುದಾಯಕ್ಕೆ ಬೆಲೆಯುಳ್ಳ ಆಸ್ತಿ' ಅಂತ ಪಟ್ಟಿಗೆ ಸೇರಿಸಿದ್ರೆ, ಮಾಲೀಕರು ಮಾರೋಕೆ ಹೊರಟಾಗ ಊರವರು ದುಡ್ಡು ಕೂಡಿಸೋಕೆ ಆರು ತಿಂಗಳು ಕೇಳಬಹುದು. ದಕ್ಷಿಣ ಲಂಡನ್ನಿನ ಐವಿ ಹೌಸ್ ಹೀಗೆ ಪಟ್ಟಿಗೆ ಸೇರಿದ ಮೊದಲ ಪಬ್. 2013ರಲ್ಲಿ ಅದು ಸ್ಥಳೀಯರ ಕೈಗೆ ಬಂತು.

ಇಂಥ ಸಂಘಗಳಲ್ಲಿ ಎಷ್ಟೇ ಷೇರು ಇರಲಿ, ಒಬ್ಬರಿಗೆ ಒಂದೇ ಮತ. 1905ರಲ್ಲೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡಿನವರಿಗೆ, ಹಾಲಿನ ಡೇರಿಯಲ್ಲಿ ಮೀಟಿಂಗ್ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ರೆ ಆರು ತಿಂಗಳು ಮುಗಿದ ಮೇಲೆ ಊರವರಿಗೇ ಮಾರಬೇಕು ಅಂತಿಲ್ಲ. 2025ರ ಜುಲೈನಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಮಸೂದೆ ಇದನ್ನೇ ತಿದ್ದೋಕೆ ಹೊರಟದ್ದು: ಹನ್ನೆರಡು ತಿಂಗಳ ಅವಧಿ, ಕೊಳ್ಳೋ ಮೊದಲ ಹಕ್ಕು ಊರವರಿಗೆ, ಬೆಲೆ ಕೂಡಿಬರದಿದ್ರೆ ಸ್ವತಂತ್ರ ಮೌಲ್ಯಮಾಪನ.

ನಾನಿರೋ ಊರಿನ ಪಕ್ಕದ ಹಳ್ಳಿಯ ಪಬ್ ಈಗ ಆ ಹಳೇ ಆರು ತಿಂಗಳ ಲೆಕ್ಕದಲ್ಲೇ ಇದೆ. ಚರ್ಚ್ ಹಾಲ್‌ನಲ್ಲಿ ನಡೆದ ಮೀಟಿಂಗ್‌ಗೆ ನಾನೂ ಹೋಗಿದ್ದೆ. ಕನಿಷ್ಠ ಷೇರು 250 ಪೌಂಡ್. ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

"ಹೆಂಡದಂಗಡಿಗೆ ದುಡ್ಡು ಹಾಕ್ತೀಯೇನೋ? ಅಷ್ಟು ಓದಿಸಿದ್ದು ಇದಕ್ಕಾ?"

ಅಮ್ಮನ ಪ್ರಶ್ನೆ ತಳ್ಳಿಹಾಕೋ ಅಂಥದ್ದಲ್ಲ. ಕುಡಿತದಿಂದ ಮುರಿದ ಮನೆಗಳನ್ನು ಆಕೆ ಬೀದಿಯಲ್ಲೇ ನೋಡಿದ್ದಾರೆ. 2007ರಲ್ಲಿ ಸಾರಾಯಿ ನಿಷೇಧಿಸಿದ ರಾಜ್ಯ ನಮ್ಮದು. ಇಲ್ಲೂ ಆ ಚಿಂತೆ ಇದೆ. ಟೈಡ್ ಪಬ್ ಕಾನೂನು ಮಾಡಿದ ಸ್ಕಾಟ್ಲೆಂಡಿನ ಸಂಸತ್ತೇ ಮದ್ಯಕ್ಕೆ ಕನಿಷ್ಠ ಬೆಲೆಯನ್ನೂ ಕಟ್ಟಿದೆ. 2018ರಲ್ಲಿ ಪ್ರತಿ ಯೂನಿಟ್‌ಗೆ 50 ಪೆನ್ಸ್ ಇದ್ದದ್ದು 2024ರಲ್ಲಿ 65 ಆಯ್ತು. ಅದರ ಪೆಟ್ಟು ಅಂಗಡಿಯ ಅಗ್ಗದ ಬಾಟಲಿಗೆ ಬೀಳುತ್ತೆ, ಪಬ್‌ಗೆ ಅಷ್ಟಾಗಿ ತಟ್ಟಲ್ಲ. ಏನು ಕುಡೀತಾರೆ ಅನ್ನೋದರ ಜೊತೆಗೆ ಎಲ್ಲಿ, ಯಾರ ಜೊತೆ ಅನ್ನೋದನ್ನೂ ಇಲ್ಲಿನ ಶಾಸನ ಕೇಳುತ್ತೆ.

ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. "ಅಲ್ಲಿ ಬರೋ ಮುದುಕರಿಗೆ ಬೇರೆ ಜಾಗ ಇಲ್ವಾ?" ಅಂತ ಕೇಳಿದರು. ಇಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಒಂದೇ ಷೇರು ತಗೋ" ಅಂದರು.

ತಗೊಂಡೆ. ಗುರಿ ಮುಟ್ಟೋಕೆ ಇನ್ನೂ ಮೂರನೇ ಒಂದು ಪಾಲು ಹಣ ಬೇಕು. ಉಳಿದಿರೋದು ಏಳು ವಾರ. ಮುಟ್ಟದಿದ್ರೆ ನನ್ನ 250 ಪೌಂಡ್ ವಾಪಸ್ ಬರುತ್ತೆ, ಪಬ್ ಯಾರ ಪಾಲಾಗುತ್ತೋ ಗೊತ್ತಿಲ್ಲ.