ನಿಮಗಿದು ಗೊತ್ತೇ? ಗಾಳದ ಗುಂಡಿನ ಗಮ್ಮತ್ತು!

ಕಲಘಟಗಿಯವರಿಗೂ ಕಡಲಿಗೂ ಏನು ನಂಟು ಅಂತೀರಾ? ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲಾ ನಿಮ್ಮ ಸೀಮೆಯಲ್ಲೇ ಬೇಡ್ತಿಯನ್ನು ಕೂಡಿಕೊಳ್ಳುತ್ತದೆ. ಬೇಡ್ತಿ ಮಾಗೋಡಿನಲ್ಲಿ ಸುಮಾರು 200 ಮೀಟರ್ ಧುಮುಕುತ್ತದೆ. ಮುಂದೆ ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲೆಯ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ನಿಮ್ಮೂರ ಹಳ್ಳದ ನೀರು ಅಲ್ಲಿ ಅಲೆಯಾಗಿ ಕುಣಿಯುತ್ತಿದೆ!

ನವಲಗುಂದದ ಬೆಣ್ಣೆಹಳ್ಳದ ದಾರಿಯೇ ಬೇರೆ. ಅದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳಕೊಲ್ಲಿಗೆ. ಜಿಲ್ಲೆ ಒಂದೇ, ಕಡಲು ಎರಡು!

ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಕಲಘಟಗಿಯ ಮೇಲೇ ಹಾಯುತ್ತದೆ. ಬನ್ನಿ, ದಂಡೆಗೇ ಹೋಗಿಬಿಡೋಣ. ಅಲ್ಲಿ ಗಾಳ ಎಸೆಯುವವರನ್ನು ಕಂಡರೆ ನಮ್ಮ ಕಣ್ಣು ಕೋಲಿನ ಮೇಲೆ, ಕೊಕ್ಕೆಯ ಮೇಲೆ. ಆದರೆ ನಿಜವಾದ ಕರಾಮತ್ತು ತಂಗೂಸಿ ದಾರಕ್ಕೆ ಕಟ್ಟಿದ ಗುಂಡಿನದು!

ನೂರು ಗ್ರಾಂ ಕಲ್ಲು ನೀರಿನೊಳಗೆ ಎಷ್ಟು ತೂಗುತ್ತದೆ, ಊಹಿಸಿ. ಬರೀ 62 ಗ್ರಾಂನಷ್ಟು! ಸುಟ್ಟ ಮಣ್ಣಿನ ಗುಂಡಾದರೆ ಹೆಚ್ಚುಕಡಿಮೆ ಅರ್ಧ ತೂಕ ಮಾಯ. ಸೀಸ ಮಾತ್ರ ಜಗ್ಗುವುದಿಲ್ಲ. ಮುಳುಗಿದ ಮೇಲೂ ಸುಮಾರು 91 ಗ್ರಾಂ ತೂಗುತ್ತದೆ!

ಅಣ್ಣಿಗೇರಿಯ ಒಂದು ಕಡಲೆಕಾಳು ಅಂಗೈಯಲ್ಲಿಡಿ. ಅಷ್ಟೇ ಗಾತ್ರದ ಸೀಸದ ಗುಂಡು ಅದಕ್ಕಿಂತ ಎಂಟು ಪಟ್ಟಿಗೂ ಹೆಚ್ಚು ಭಾರ! ಟಂಗ್‌ಸ್ಟನ್ ಗುಂಡುಗಳೂ ಬಂದಿವೆ. ಅವುಗಳ ಸಾಂದ್ರತೆ ಹೆಚ್ಚುಕಡಿಮೆ ಬಂಗಾರದಷ್ಟೇ!

ಭಾರ ಒಂದೇ ಸಾಲದು, ಆಕಾರವೂ ಬೇಕು. ಮರಳಿನ ತಳಕ್ಕೆ ಪಿರಮಿಡ್ ಗುಂಡು. ದಾರ ಕಟ್ಟುವ ಬಳೆ ಎಲ್ಲಿರುತ್ತದೆ ಹೇಳಿ? ಚೂಪು ತುದಿಯಲ್ಲಲ್ಲ, ಅಗಲವಾದ ಬುಡದಲ್ಲಿ! ತಲೆಕೆಳಗಾಗಿಯೇ ಇಳಿದು, ಮೂಗನ್ನು ಮರಳಿಗೆ ಚುಚ್ಚಿ ಕೂತುಬಿಡುತ್ತದೆ. ಅಲೆ ಎಳೆದಷ್ಟೂ ಇನ್ನಷ್ಟು ಒಳಗೆ!

ಅಲೆ ಇನ್ನೂ ಜೋರಿದೆಯೇ? ನಾಲ್ಕು ತಂತಿಯ ಕಾಲುಗಳಿರುವ ಗುಂಡು ತನ್ನಿ. ಜೇಡನಂತೆ ಮರಳನ್ನು ಅಪ್ಪಿ ಹಿಡಿಯುತ್ತದೆ. ಆಮೇಲೆ ಬಿಡಿಸುವುದು ಹೇಗೆ? ಬಲವಾಗಿ ಎಳೆದರೆ ಕಾಲುಗಳು ಟಕ್ಕೆಂದು ಹಿಂದಕ್ಕೆ ಮಡಚಿಕೊಳ್ಳುತ್ತವೆ, ಗುಂಡು ಸಲೀಸಾಗಿ ಜಾರಿ ಬರುತ್ತದೆ. ಈ ಉಪಾಯ ನನಗಂತೂ ಎಲ್ಲಕ್ಕಿಂತ ಇಷ್ಟ!

ಮೊಟ್ಟೆಯಾಕಾರದ ಗುಂಡಿಗೆ ನಡುವೆ ತೂತು. ದಾರ ಅದರೊಳಗೆ ಸರಾಗವಾಗಿ ಓಡುತ್ತದೆ. ಮೀನು ಎರೆ ಕಚ್ಚಿ ಎಳೆದರೂ ಗುಂಡಿನ ಭಾರ ಅದಕ್ಕೆ ಅಷ್ಟಾಗಿ ತಾಗುವುದೇ ಇಲ್ಲ!

ಕೆಸರಿನಲ್ಲಿ ಮಾತ್ರ ಚೂಪು ಗುಂಡು ಬೇಡ. ಮಳೆಗಾಲದಲ್ಲಿ ಕುಂದಗೋಳದ ಎರೆ ಹೊಲ ದಾಟಿದವರಿಗೆ ಹೇಳಬೇಕೇ? ಕಾಲು ಮೇಲೆ ಬರುತ್ತದೆ, ಚಪ್ಪಲಿ ಅಲ್ಲೇ! ಕೆರೆಯ ತಳದ ಕೆಸರೂ ಚೂಪು ಗುಂಡನ್ನು ಹಾಗೆಯೇ ನುಂಗುತ್ತದೆ. ಅಲ್ಲಿಗೆ ಚಪ್ಪಟೆ ಬಿಲ್ಲೆಯೇ ಸರಿ.

ಬಂಡೆಗಳ ಸಂದಿಗೆ? ಮೋಟರ್‌ಸೈಕಲ್ಲಿನ ಹಳೆಯ ಸ್ಪಾರ್ಕ್ ಪ್ಲಗ್! ಎಷ್ಟೋ ದೇಶಗಳಲ್ಲಿ ಇದೇ ರೂಢಿ. ಸಿಕ್ಕಿಹಾಕಿಕೊಂಡು ಹೋದರೂ ದುಡ್ಡು ಹೋಗಲಿಲ್ಲವಲ್ಲ.

ಮರಳಿನಲ್ಲಿ ಹೂತುಕೊಳ್ಳುವುದು ಗುಂಡಷ್ಟೇ ಅಲ್ಲ. ನಮ್ಮ ಕರಾವಳಿಯ ಒಂದು ರುಚಿಯಾದ ಮೀನು ಹೆದರಿತೆಂದರೆ ಸರ್ರನೆ ಮರಳೊಳಗೆ ಹೊಕ್ಕು ಮಾಯವಾಗುತ್ತದೆ. ಅದರ ಹೆಸರು ಏನು ಗೊತ್ತೇ? ಕಾಣೆ!

ದಂಡೆಯ ಗಾಳಕ್ಕೆ ಸಾಮಾನ್ಯವಾಗಿ 85ರಿಂದ 140 ಗ್ರಾಂ ಗುಂಡು ಸಾಕು. ಆದರೆ ದಾರ ದಪ್ಪವಾದರೆ ಇನ್ನೂ ಭಾರದ್ದು ಬೇಕು. ಯಾಕೆಂದರೆ ನೀರಿನ ಸೆಳೆತ ಗುಂಡಿಗಿಂತ ಉದ್ದನೆಯ ದಾರವನ್ನೇ ಹೆಚ್ಚು ಎಳೆಯುತ್ತದೆ! ದಾರ ಸಣ್ಣದು ಮಾಡಿ, ಗುಂಡೂ ಹಗುರಾಗುತ್ತದೆ.

ಗುಂಡು ಎಸೆಯುವುದಕ್ಕೇ ಪಂದ್ಯಗಳಿವೆ! ಕೊಕ್ಕೆಯಿಲ್ಲ, ಮೀನಿಲ್ಲ, ನೀರೂ ಇಲ್ಲ. ಬಯಲಿನಲ್ಲಿ ನಿಂತು 150 ಗ್ರಾಂ ಗುಂಡನ್ನು ಬೀಸುತ್ತಾರೆ. ಪಳಗಿದವರ ಗುಂಡು 250 ಮೀಟರ್ ದಾಟುತ್ತದೆ. ಕ್ರಿಕೆಟ್ಟಿನ ಸಿಕ್ಸರ್ ಇದರ ಮುಂದೆ ಏನೂ ಅಲ್ಲ! ಕಡಲೆ ಕಿತ್ತ ಮೇಲಿನ ಅಣ್ಣಿಗೇರಿ ಹೊಲ ಇದಕ್ಕೆ ಎಂಥ ಮೈದಾನವಾದೀತು, ನೀವೇ ಯೋಚಿಸಿ.

ಒಂದು ಹಕ್ಕಿಗಾಗಿ ಇಂಗ್ಲೆಂಡಿನ ಕಾನೂನೇ ಬದಲಾಯಿತು! ಕೋಳಿ ಹರಳು ನುಂಗುತ್ತದಲ್ಲ, ಕಾಳು ಅರೆಯಲು? ಹಂಸಗಳೂ ಹಾಗೆಯೇ. ಹರಳೆಂದು ತಿಳಿದು ಸೀಸದ ಸಣ್ಣ ಗುಂಡು ನುಂಗಿ, ವಿಷವೇರಿ ಸಾಯುತ್ತಿದ್ದವು. 1987ರಿಂದ ಅಲ್ಲಿ 28 ಗ್ರಾಂವರೆಗಿನ ಬಹುತೇಕ ಸೀಸದ ಗುಂಡುಗಳಿಗೆ ನಿಷೇಧ. ನಮ್ಮ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಬಾತುಗಳೂ ಹರಳು ನುಂಗುವವೇ. ಕೆರೆಯಂಗಳದಲ್ಲಿ ಸೀಸ ಚೆಲ್ಲಬೇಡಿ, ದಯವಿಟ್ಟು. ಕಬ್ಬಿಣದ ಗುಂಡು ತುಸು ದೊಡ್ಡದು, ಅಷ್ಟೇ.

ಸೀಸ 327 ಡಿಗ್ರಿಗೇ ಕರಗುತ್ತದೆ. ಕಟ್ಟಿಗೆಯ ಬೆಂಕಿ ಸಾಕು! ಆದರೆ ಅಡುಗೆಯ ಪಾತ್ರೆಯಲ್ಲಿ ಮಾತ್ರ ಎಂದೂ ಕರಗಿಸಬೇಡಿ. ಅಚ್ಚಿನಲ್ಲಿ ಒಂದು ಹನಿ ನೀರಿದ್ದರೂ ಕಾದ ಸೀಸ ಪಟಾಕಿಯಂತೆ ಸಿಡಿಯುತ್ತದೆ. ಸಣ್ಣ ಗುಂಡನ್ನು ಹಲ್ಲಿನಿಂದ ಕಚ್ಚಿ ದಾರಕ್ಕೆ ಒತ್ತುವುದೂ ಬೇಡ.

ಇದೇ ಸೀಸ ಒಂದು ಕಾಲಕ್ಕೆ ದುಡ್ಡಾಗಿತ್ತು! ಕದಂಬರಿಗೂ ಮುಂಚೆ ಬನವಾಸಿ ಸೀಮೆಯನ್ನಾಳಿದ ಚುಟು ಅರಸರು ಸೀಸದಲ್ಲೇ ನಾಣ್ಯ ಹೊಡೆಸಿದರು. ಅವು ಸಿಕ್ಕಿದ್ದೆಲ್ಲಿ? ಕಾರವಾರದ ಕಡೆ! ಇಂದು ಬೀಸುಬಲೆಯ ಅಂಚಿಗೆ ಸೀಸದ ಮಣಿ ಪೋಣಿಸುವ ಅದೇ ಕರಾವಳಿ.

ಇನ್ನೊಂದೇ ಒಂದು. ನವಲಗುಂದದ ಕಪ್ಪು ನೆಲ ಎರೆ. ಮಣ್ಣಿನ ಹುಳು ಎರೆ. ಕೊಕ್ಕೆಗೆ ಸಿಕ್ಕಿಸುವ ತಿನಿಸು ಎರೆ. ಕರಗಿದ ಸೀಸವನ್ನು ಅಚ್ಚಿಗೆ ಸುರಿಯುವುದಕ್ಕೂ ಎರೆ ಎನ್ನುತ್ತೇವೆ. ಎರೆ ಹೊಲದ ಬದುವಿನಲ್ಲಿ ಎರೆಹುಳು ಅಗೆದು, ಕೊಕ್ಕೆಗೆ ಎರೆ ಸಿಕ್ಕಿಸಿ, ಎರೆದ ಗುಂಡು ಕಟ್ಟಿ ಬೆಣ್ಣೆಹಳ್ಳಕ್ಕೆ ಎಸೆದಿರೋ, ಒಂದೇ ಗಾಳಕ್ಕೆ ನಾಲ್ಕು ಎರೆ!