ಅಟ್ಟದ ಮಿಷನ್ನಿಗೆ ಅಭ್ಯಂಜನ

ಹೊಲಿಗೆ ಮಿಷನ್ನಿಗೆ ಕೊಬ್ಬರಿ ಎಣ್ಣೆ ಬಿಡುವ ರೂಢಿ ನಮ್ಮ ಮನೆಗಳಿಗೆ ಎಲ್ಲಿಂದ ಬಂತೋ, ಹಳೆಯ ಮಿಷನ್ನುಗಳಿಗೆ ಅದಕ್ಕಿಂತ ದೊಡ್ಡ ಶತ್ರು ಇನ್ನೊಂದಿಲ್ಲ. ತಲೆಗೆ ಹಚ್ಚುವ ಬಾಟಲಿ ಕೈಗೆಟುಕುವಂತೆ ಇರುತ್ತದೆ, ಎರಡು ತೊಟ್ಟು ಬಿಟ್ಟರೆ ಚಕ್ರ ಆ ಹೊತ್ತಿಗೆ ಹಗುರವಾಗಿ ತಿರುಗುತ್ತದೆ. ಡಿಸೆಂಬರ್ ಚಳಿಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಮಿಷನ್ನಿನೊಳಗೂ ಹೆಪ್ಪುಗಟ್ಟುತ್ತದೆ. ಬೇಸಿಗೆಗೆ ಕರಗಿತೆನ್ನಿ, ಆದರೂ ವರ್ಷಗಟ್ಟಲೆ ಗಾಳಿಗೆ ಒಡ್ಡಿಕೊಂಡು ಕಡೆಗೆ ಕಂದು ಬಣ್ಣದ ಅಂಟಾಗುತ್ತದೆ. ಅದಕ್ಕೆ ಬಟ್ಟೆಯ ನೂಲಧೂಳು ಮೆತ್ತಿಕೊಳ್ಳುತ್ತದೆ. ಅಟ್ಟದಿಂದ ಇಳಿಸಿದ ಅಜ್ಜಿಯ ಮಿಷನ್ ಅಲುಗದಿದ್ದರೆ ‘ತುಕ್ಕು ಹಿಡಿದು ಹೋಗಿದೆ’ ಎಂದು ಗುಜರಿಯವನಿಗೆ ಕೊಡಲು ಹೊರಡುತ್ತೇವೆ. ಎಷ್ಟೋ ಸಲ ಅದು ತುಕ್ಕಲ್ಲ, ಹಳಸಿದ ಎಣ್ಣೆ.

ಈ ಕಪ್ಪು ಮಿಷನ್ನುಗಳು ಕೆಡುವುದೇ ಅಪರೂಪ. ಎರಕದ ಕಬ್ಬಿಣದ ಮೈ, ಉಕ್ಕಿನ ಅಂಗಾಂಗ, ಪ್ಲಾಸ್ಟಿಕ್ಕಿನ ಸುಳಿವಿಲ್ಲ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ಸಿಂಗರ್ ಕಂಪನಿ 1880ರ ದಶಕದಲ್ಲಿ ಕಟ್ಟಿದ ಕಿಲ್‌ಬೋವಿ ಕಾರ್ಖಾನೆ 1980ರಲ್ಲಿ ಬಾಗಿಲು ಹಾಕಿತು. ಅಲ್ಲಿನ ರೈಲು ನಿಲ್ದಾಣಕ್ಕೆ ಇಂದಿಗೂ ಸಿಂಗರ್ ಎಂದೇ ಹೆಸರು. ಮಾದರಿಯ ಸಂಖ್ಯೆಯ ಜತೆ ‘ಕೆ’ ಇದ್ದರೆ ಅದು ಕಿಲ್‌ಬೋವಿಯ ಗುರುತು. ನಮ್ಮಲ್ಲಿ 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ‘ಉಷಾ’ ತಯಾರಿಸತೊಡಗಿತು, ಮುಂದೆ ಲೂಧಿಯಾನ ಈ ಉದ್ಯಮದ ದೊಡ್ಡ ಕೇಂದ್ರವಾಯಿತು. ಭಾರತದಲ್ಲಿ ತಯಾರಾದ ಕಪ್ಪು ಮನೆಮಿಷನ್ನುಗಳಲ್ಲಿ ಬಹುತೇಕ ಸಿಂಗರ್‌ನ 15ನೇ ಮಾದರಿಯ ಅಚ್ಚು. ಅದರಿಂದ ನಮಗಾದ ಉಪಕಾರ ದೊಡ್ಡದು: ಗುಂಡು ಬಾಬಿನ್, ಬಾಬಿನ್ ಕೇಸ್, ಚಪ್ಪಟೆ ಬೆನ್ನಿನ ಸೂಜಿ ತಾಲ್ಲೂಕು ಪೇಟೆಯ ಮಿಷನ್ ಅಂಗಡಿಯಲ್ಲೂ ಸಿಗುತ್ತವೆ. ದೋಣಿಯಾಕಾರದ ಶಟಲ್ ಇರುವ ಇನ್ನೂ ಹಳೆಯ ಮಿಷನ್ನಿನವರು ಮಾತ್ರ ಅದರ ಉದ್ದ ಬಾಬಿನ್ನಿಗೆ ಅಲೆಯಬೇಕು.

ಯಂತ್ರನಾಗರಿಕತೆಯನ್ನು ಅಷ್ಟು ಕಟುವಾಗಿ ಟೀಕಿಸಿದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಮಿಷನ್ನಿಗೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಹೊಲಿಗೆಯಲ್ಲಿ ಪಡುವ ಪಾಡು ನೋಡಲಾರದೆ ಸಿಂಗರ್ ಇದನ್ನು ಕಂಡುಹಿಡಿದ ಎಂಬ ಕಥೆ ಅವರಿಗೆ ಇಷ್ಟವಾಗಿತ್ತು. ಕಥೆಯೇನೋ ಚೆಂದ. ಆದರೆ ಐಸಾಕ್ ಸಿಂಗರ್ ಏಕಕಾಲಕ್ಕೆ ಹಲವು ಸಂಸಾರ ಹೂಡಿದ್ದ ಆಸಾಮಿ. ಎರಡು ದಾರಗಳನ್ನು ಕೊಂಡಿ ಹಾಕುವ ಹೊಲಿಗೆಗೆ 1846ರಲ್ಲೇ ಪೇಟೆಂಟ್ ಪಡೆದವನು ಎಲಿಯಾಸ್ ಹೋವ್. 1851ರಲ್ಲಿ ತನ್ನ ಮಿಷನ್ನಿಗೆ ಪೇಟೆಂಟ್ ಪಡೆದ ಸಿಂಗರ್, ಮೊಕದ್ದಮೆ ಸೋತು ಅವನಿಗೆ ರಾಯಲ್ಟಿ ಕಟ್ಟಬೇಕಾಯಿತು.

ಇರಲಿ, ಕೆಲಸಕ್ಕೆ ಬರೋಣ. ಅಂಟು ಬಿಡಿಸಲು ಸೀಮೆಎಣ್ಣೆಯೇ ಮದ್ದು. ಒಲೆಯಿಂದ ದೂರ, ಅಂಗಳದಲ್ಲೋ ಜಗಲಿಯಲ್ಲೋ ಕೂತು ಮಾಡಬೇಕಾದ ಕೆಲಸ. ಮಿಷನ್ನಿನ ತಲೆಯನ್ನು ಹಿಂದಕ್ಕೆ ಮಗುಚಿದರೆ ಕೆಳಗಿನ ದಂಡಗಳು ಕಾಣುತ್ತವೆ. ಒಂದು ಲೋಹ ಇನ್ನೊಂದನ್ನು ಉಜ್ಜುವ ಪ್ರತಿ ಕೀಲಿಗೂ, ಮೇಲ್ಮೈಯಲ್ಲಿರುವ ಎಣ್ಣೆ ತೂತುಗಳಿಗೂ ಒಂದೊಂದೇ ತೊಟ್ಟು ಬಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಅಲುಗಿಸಿ. ಹಟ ಹಿಡಿದು ತಿರುಗಿಸಬೇಡಿ. ಕೂದಲೆಳೆ ಜರುಗಿದರೂ ಸಾಕು, ಇನ್ನೆರಡು ದಿನ ಹೀಗೇ ಮಾಡಿದರೆ ದಾರಿಗೆ ಬರುತ್ತದೆ. ಕಪ್ಪು ಎಣ್ಣೆ ಇಳಿದು ಬಂದಂತೆಲ್ಲ ಹಳೆ ಪಂಚೆಯ ತುಂಡಿನಿಂದ ಒರೆಸಿ. ಸೀಮೆಎಣ್ಣೆ ತೊಳೆಯುತ್ತದೆಯೇ ಹೊರತು ಜಾರುವ ಪಸೆ ಉಳಿಸುವುದಿಲ್ಲ. ಆದ್ದರಿಂದ ಅದೇ ಜಾಗಗಳಿಗೆಲ್ಲ ನೀರಿನಷ್ಟು ತೆಳುವಾದ ಮಿಷನ್ ಎಣ್ಣೆ ಬಿಡಲೇಬೇಕು. ಚಿನ್ನದ ಚಿತ್ತಾರದ ಮೇಲೆ ಮಾತ್ರ ಸ್ಪಿರಿಟ್ ಸೋಕಿಸಬೇಡಿ. ಹಳೆಯ ಸಿಂಗರ್‌ಗಳ ಹೊಳಪು ಅರಗಿನದು. ಸ್ಪಿರಿಟ್ಟಿಗೆ ಅರಗು ಕರಗುತ್ತದೆ, ಅದರ ಜತೆಗೆ ಚಿತ್ತಾರವೂ ಹೋಗುತ್ತದೆ.

ಶಟಲ್ ಮನೆ ಶುಚಿ ಮಾಡುವುದನ್ನು ಪ್ರತಿಯೊಬ್ಬರೂ ಒಮ್ಮೆಯಾದರೂ ಕೈಯಾರೆ ಮಾಡಬೇಕು. ಸೂಜಿಯನ್ನು ತೀರಾ ಮೇಲಕ್ಕೆ ತಂದು ಬಾಬಿನ್ ಕೇಸ್ ತೆಗೆಯಿರಿ. ಎರಡು ಬದಿಯ ಚಿಲಕ ಸರಿಸಿದರೆ (ಕೆಲವಕ್ಕೆ ಸ್ಕ್ರೂ ಇರುತ್ತದೆ) ಉಂಗುರ ಕಳಚಿ, ನಡುವೆ ಗೂಟವಿರುವ ಅರ್ಧಚಂದ್ರದ ಕೊಕ್ಕೆ ಕೈಗೆ ಬರುತ್ತದೆ. ಹೊಲಿಗೆಯ ಗುಟ್ಟೆಲ್ಲ ಇದರ ಮೂತಿಯಲ್ಲಿದೆ. ಬಟ್ಟೆ ದಾಟಿ ಕೆಳಗಿಳಿದ ಸೂಜಿ ಮತ್ತೆ ಮೇಲೇಳತೊಡಗಿದಾಗ ಅದರ ಬೆನ್ನ ಬಳಿ ದಾರ ಸಡಿಲಗೊಂಡು ಪುಟ್ಟ ಕುಣಿಕೆಯಾಗುತ್ತದೆ. ಅದೇ ಕ್ಷಣಕ್ಕೆ ಕೊಕ್ಕೆಯ ಮೂತಿ ಸೂಜಿಗಣ್ಣಿನ ತುಸು ಮೇಲೆ ಹಾದು, ಕುಣಿಕೆಯನ್ನು ಹಿಡಿದು, ಬಾಬಿನ್ನಿನ ಸುತ್ತ ಹಾಯಿಸಿಬಿಡುತ್ತದೆ. ಮೂತಿ ಮೊಂಡಾದರೆ ಅಥವಾ ಸೂಜಿ ಕೂದಲೆಳೆಯಷ್ಟು ಬಾಗಿದ್ದರೂ ಕುಣಿಕೆ ತಪ್ಪುತ್ತದೆ. ‘ಹೊಲಿಗೆ ಬಿಡ್ತಾ ಇದೆ’ ಎನ್ನುವುದು ಇದನ್ನೇ. ಕೊಕ್ಕೆ ಓಡಾಡುವ ಜಾಡಿನಲ್ಲಿ ಸಿಕ್ಕಿಕೊಂಡ ದಾರದ ಚೂರನ್ನು ಚಿಮಟದಿಂದ ಎಳೆದು ತೆಗೆಯಿರಿ. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳ ಸಂದಿನಲ್ಲಿ ಜುಂಗು ಗಟ್ಟಿಯಾಗಿ ಕೂತಿರುತ್ತದೆ. ಮೇಲಿನ ತಟ್ಟೆಯ ಎರಡು ಸ್ಕ್ರೂ ಬಿಚ್ಚಿ ಹಳೆ ಹಲ್ಲುಜ್ಜುವ ಬ್ರಷ್ ಆಡಿಸಿ. ಮತ್ತೆ ಜೋಡಿಸಿದ ಮೇಲೆ ಒಂದೇ ತೊಟ್ಟು ಎಣ್ಣೆ.

ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗಿ ಮುದ್ದೆಯಾದರೆ ಎಲ್ಲರೂ ಬಾಬಿನ್ನನ್ನು ಬೈಯುತ್ತಾರೆ. ತಪ್ಪು ಇರುವುದು ಮೇಲೆ. ದಾರ ಟೆನ್ಷನ್ ಬಿಲ್ಲೆಗಳ ನಡುವೆ ಕೂತಿಲ್ಲವೆಂದರೆ ಮೇಲಿನ ಬಿಗಿ ಇರುವುದಿಲ್ಲ, ಸಡಿಲ ದಾರ ಕೆಳಗಿಳಿದು ಗುಪ್ಪೆಯಾಗುತ್ತದೆ. ಬಟ್ಟೆ ಒತ್ತುವ ಪಾದ ಎತ್ತಿದಾಗ ಬಿಲ್ಲೆಗಳು ತೆರೆದುಕೊಳ್ಳುವ ಹಳೆಯ ಮಿಷನ್ನುಗಳಲ್ಲಿ, ಪಾದ ಎತ್ತಿಕೊಂಡೇ ದಾರ ಪೋಣಿಸಬೇಕು. ಸ್ಕ್ರೂ ತಿರುಗಿಸುವ ಮುನ್ನ ಇದಿಷ್ಟು ನೋಡಿದರೆ ಮೆಕ್ಯಾನಿಕ್ಕಿಗೆ ಕೊಡುವ ದುಡ್ಡು ಉಳಿದೀತು. ಬಾಬಿನ್ ಕೇಸಿನ ಬಿಗಿಗೆ ದರ್ಜಿಗಳ ಪರೀಕ್ಷೆ ಸುಲಭ: ದಾರದ ತುದಿ ಹಿಡಿದು ಕೇಸನ್ನು ನೇತುಬಿಡಿ. ತಾನಾಗಿ ಜಾರಬಾರದು, ಸಣ್ಣದಾಗಿ ಜಗ್ಗಿದರೆ ಒಂದಂಗುಲ ಇಳಿಯಬೇಕು.

ಸೂಜಿಯ ಒಂದು ಬದಿಗೆ ಉದ್ದನೆಯ ಗೀರು ಇರುತ್ತದೆ, ದಾರ ಆ ಬದಿಯಿಂದ ಒಳಹೋಗಬೇಕು. ಹಾಕುವುದು ತಿರುಗುಮುರುಗಾದರೆ ಮಿಷನ್ ಹೊಲಿಯುವುದೇ ಇಲ್ಲ. ಸಾದಾ ಹತ್ತಿ ಬಟ್ಟೆಗೆ 14ನೇ ನಂಬರ್, ದಪ್ಪ ಬಟ್ಟೆಗೆ 16, ನಯವಾದ ಬಟ್ಟೆಗೆ 11. ಅಂಗಡಿಗೆ ಹೋಗುವಾಗ ಹಳೆಯ ಸೂಜಿ ಕೈಯಲ್ಲಿರಲಿ, ದರ್ಜಿ ಅಂಗಡಿಯ ಮಿಷನ್ನುಗಳಿಗೆ ಗುಂಡು ಬೆನ್ನಿನ ಸೂಜಿಯೂ ಬರುತ್ತದೆ.

ಚರ್ಮದ ಬೆಲ್ಟ್ ಸಡಿಲಾಗಿ ಜಾರಿದರೆ ಅರ್ಧ ಅಂಗುಲ ಕತ್ತರಿಸಿ ಕ್ಲಿಪ್ ಮತ್ತೆ ಚುಚ್ಚಿದರಾಯಿತು. ಕೈಚಕ್ರದ ಗುಂಡಿ ಬಿಚ್ಚಿ ಜೋಡಿಸಿದ ಮೇಲೆ ಚಕ್ರ ತಿರುಗಿಯೂ ಸೂಜಿ ಏಳದಿದ್ದರೆ ಹೆದರಬೇಡಿ. ಒಳಗಿನ ಮೂರು ಕಿವಿಗಳ ವಾಷರ್ ತಿರುಗುಮುರುಗಾಗಿ ಕೂತಿರುತ್ತದೆ; ಅರ್ಧ ಸುತ್ತು ತಿರುಗಿಸಿ ಹಾಕಿ. ಮೈ ಬಿರುಕು ಬಿಟ್ಟಿದ್ದರೆ, ಕೊಕ್ಕೆ-ಸೂಜಿಯ ಹೊಂದಾಣಿಕೆ ತಪ್ಪಿದ್ದರೆ ಮಾತ್ರ ಪಳಗಿದ ಕೈಗೆ ಒಪ್ಪಿಸಬೇಕು. ಎರಡನೆಯದು ಸ್ಕ್ರೂ ಡ್ರೈವರ್ ಹಿಡಿದವರೆಲ್ಲರಿಗೂ ಒಲಿಯುವ ವಿದ್ಯೆಯಲ್ಲ.

ಎಲ್ಲ ಮುಗಿದ ಮೇಲೂ ಒಂದೆರಡು ದಿನ ಸೂಜಿಯ ಕಂಬಿಯಿಂದ ಎಣ್ಣೆ ಜಿನುಗುತ್ತಲೇ ಇರುತ್ತದೆ. ಅಷ್ಟು ಹೊತ್ತು ದಿಂಬಿನ ಚೀಲ, ಕೈಒರೆಸುವ ಬಟ್ಟೆ ಹೊಲಿದುಕೊಳ್ಳಿ. ರೇಷ್ಮೆ ರವಿಕೆಯನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿ.