ಮೇಜಿನ ಮೇಲೆ ಸಾತ್ಪುರದ ಚಿಕ್ಕ ರೈಲು

ಕನ್ಹಾನ್‌ನಲ್ಲಿ ವಾಸಿಸುವವರಿಗೆ ರೈಲು ಹೊಸತಲ್ಲ. ಹೌರಾ–ಮುಂಬಯಿ ಮಾರ್ಗದ ಗಾಡಿಗಳು ನದಿಯ ಸೇತುವೆಯನ್ನು ದಾಟುವ ಸದ್ದಿನಲ್ಲಿಯೇ ಇಲ್ಲಿನ ಹಗಲಿರುಳುಗಳು ಕಳೆಯುತ್ತವೆ. ಅದೇ ರೈಲನ್ನು ಮನೆಯ ಮೇಜಿನ ಮೇಲೆ ಓಡಿಸಬಹುದೆಂದರೆ, ಮಕ್ಕಳ ಆಟವೆಂದು ಕೆಲವರು ನಕ್ಕಾರು. ಆದರೆ ಬಡಗಿಯ ಕೈ, ಗುಮಾಸ್ತನ ಲೆಕ್ಕ, ಗಡಿಯಾರದ ಶಿಸ್ತು, ಈ ಮೂರನ್ನೂ ಬೇಡುವ ಹವ್ಯಾಸವಿದು. ಪುಣೆಯ ಕೋಥ್ರೂಡಿನಲ್ಲಿ ಬಿ. ಎಸ್. ಜೋಶಿಯವರ ಇಂತಹ ಹವ್ಯಾಸವೇ 1998ರಲ್ಲಿ ಕಿರುರೈಲುಗಳ ವಸ್ತುಸಂಗ್ರಹಾಲಯದ ರೂಪ ತಾಳಿತು.

ಯಾವ ರೈಲನ್ನು ಕಟ್ಟಬೇಕು? ಇಲ್ಲಿ ಲೆಕ್ಕವೇ ದಾರಿ ತೋರಿಸುತ್ತದೆ. ಲೋಕದಲ್ಲಿ ಬಹಳ ಬಳಕೆಯಲ್ಲಿರುವ ಎಚ್.ಓ. ಪ್ರಮಾಣದಲ್ಲಿ ಮಾದರಿಯು ಮೂಲದ 87ರಲ್ಲಿ ಒಂದು ಪಾಲು. ಕನ್ಹಾನ್‌ನ ಬ್ರಾಡ್‌ಗೇಜ್ ಹಳಿಗಳ ಅಂತರ 1676 ಮಿಲಿಮೀಟರು. ಭಾಗಿಸಿದರೆ 19 ಮಿಲಿಮೀಟರಿಗೆ ತುಸು ಹೆಚ್ಚು. ಅಂಗಡಿಯಲ್ಲಿ ದೊರೆಯುವ ಎಚ್.ಓ. ಹಳಿಯಾದರೋ 16.5 ಮಿಲಿಮೀಟರಿನದು, ಹೊಂದದು. ಆದರೆ ಸಮೀಪದ ಇತವಾರಿಯಿಂದ ಛಿಂದವಾಡಕ್ಕೂ ನಾಗಭೀಡಕ್ಕೂ ಓಡುತ್ತಿದ್ದ ಚಿಕ್ಕ ರೈಲಿನ ಅಂತರ 762 ಮಿಲಿಮೀಟರು. ಅದನ್ನು 87ರಿಂದ ಭಾಗಿಸಿದರೆ 8.8 ಮಿಲಿಮೀಟರು ಬರುತ್ತದೆ. ‘ಎನ್’ ಪ್ರಮಾಣದ ಹಳಿ 9 ಮಿಲಿಮೀಟರಿನದು. ಕೂದಲೆಳೆಯ ವ್ಯತ್ಯಾಸ! ನಮ್ಮ ಕೋಲಾರದ ಹಳೆಯ ಚಿಕ್ಕ ರೈಲಿನ ಅಳತೆಯೂ ಇದೇ ಆಗಿತ್ತು.

ಆ ಗಾಡಿಗಳು ಈಗಿಲ್ಲ. ಬ್ರಾಡ್‌ಗೇಜ್ ಪರಿವರ್ತನೆಗಾಗಿ ಛಿಂದವಾಡದ ಗಾಡಿ 2015ರಲ್ಲಿಯೂ, ನಾಗಭೀಡದ ಗಾಡಿ 2019ರಲ್ಲಿಯೂ ನಿಂತವು. ಕೋಲಾರದ ಹಳಿಯೂ ಹೀಗೆಯೇ ಅಗಲವಾಯಿತು. ನಾಗಪುರದ ಮೋತಿಬಾಗಿನಲ್ಲಿ 2002ರಲ್ಲಿ ತೆರೆದ ನ್ಯಾರೋಗೇಜ್ ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನುಗಳನ್ನು ಕಾಣಬಹುದು. ಆದರೆ ಅವು ನಿಂತ ಎಂಜಿನುಗಳು. ನಿಲ್ದಾಣ, ವೇಳಾಪಟ್ಟಿ, ಎದುರು ಗಾಡಿಗಾಗಿ ಕಾಯುವಿಕೆ, ಇವೆಲ್ಲ ಸೇರಿದರೆ ತಾನೆ ರೈಲು?

ಒಂದೇ ಕೋಣೆಯ ಬಿಡಾರದವರೂ ಧೈರ್ಯಗೆಡಬೇಕಾಗಿಲ್ಲ. 120 ಸೆಂಟಿಮೀಟರು ಉದ್ದ, 60 ಸೆಂಟಿಮೀಟರು ಅಗಲದ ಪ್ಲೈವುಡ್ ಹಲಗೆ ಸಾಕು. ಕೆಲಸ ಮುಗಿದ ಮೇಲೆ ಮಂಚದ ಕೆಳಗೆ ಸರಿಸಬಹುದು. 25 ಸೆಂಟಿಮೀಟರು ತ್ರಿಜ್ಯದ ತಿರುವುಗಳು ಅದರಲ್ಲಿ ಹಿಡಿಯುತ್ತವೆ. ಗುಡ್ಡಕ್ಕೆ ಹಳೆಯ ಪತ್ರಿಕೆಯೂ ಮೈದಾದ ಅಂಟೂ ಆದೀತು (ಓದಿ ಮುಗಿಸಿದ ಪತ್ರಿಕೆ ಎಂಬುದನ್ನು ಮರೆಯದಿರಿ). ಸಿದ್ಧ ‘ಎನ್’ ಎಂಜಿನಿನ ಅಡಿಭಾಗದ ಮೇಲೆ ರಟ್ಟಿನ ಮೈ ಕೂರಿಸಿದರೆ ಸಾತ್ಪುರದ ಎಂಜಿನ್ನು ಮೈದಾಳುತ್ತದೆ. ವಿದ್ಯುತ್ತು ಹಳಿಯಿಂದ ಗಾಲಿಗೆ, ಗಾಲಿಯಿಂದ ಮೋಟಾರಿಗೆ ಸಾಗುವುದರಿಂದ ಹಳಿಯ ಮೇಲಿನ ಧೂಳೇ ಮೊದಲ ಶತ್ರು. ವಿದ್ಯುತ್ತನ್ನು ನಿಲ್ಲಿಸಿ, ಸ್ಪಿರಿಟ್ಟಿನಲ್ಲಿ ನೆನೆದ ಬಟ್ಟೆಯಿಂದ ಒರೆಸಿ, ಅದು ಆರಿದ ಮೇಲೆಯೇ ಓಡಿಸಬೇಕು. ಹಳಿಗೆ ಬರುವುದು ಹೆಚ್ಚೆಂದರೆ 12 ವೋಲ್ಟ್. ಅದಕ್ಕಾಗಿ ಸಿದ್ಧ ನಿಯಂತ್ರಕವನ್ನೇ ಕೊಳ್ಳಬೇಕು, ಮನೆಯ ವಿದ್ಯುತ್ತಿಗೆ ನೇರವಾಗಿ ಕೈ ಹಾಕಬಾರದು.

ಕಟ್ಟುವುದಕ್ಕಿಂತ ಓಡಿಸುವುದರಲ್ಲಿಯೇ ಹೆಚ್ಚಿನ ಸ್ವಾರಸ್ಯವಿದೆ. ಗಂಟೆಗೆ 40 ಕಿಲೋಮೀಟರು ವೇಗವೆಂದರೆ ಮೇಜಿನ ಮೇಲೆ ಸೆಕೆಂಡಿಗೆ 13 ಸೆಂಟಿಮೀಟರು ಮಾತ್ರ. ಅವಸರಪಟ್ಟರೆ ಅದು ಆಟಿಕೆ. ತಾಳ್ಮೆಯಿಂದ ಓಡಿಸಿದರೆ ಅದು ರೈಲು. ಒಂಟಿಹಳಿಯ ನಿಲ್ದಾಣದಲ್ಲಿ ಒಂದು ಗಾಡಿಯನ್ನು ಪಕ್ಕದ ಹಳಿಗೆ ಸರಿಸದೆ ಎದುರಿನದು ಬರುವಂತಿಲ್ಲ. ಮಗಳು ಸ್ಟೇಷನ್ ಮಾಸ್ತರಳಾಗಲಿ, ತಂದೆ ಡ್ರೈವರನಾಗಲಿ. ಅವಳು ಟೋಕನ್ ಕೊಡುವವರೆಗೆ ಅವನು ಹೊರಡಕೂಡದು.

ಆ ಚಿಕ್ಕ ಗಾಡಿಯಲ್ಲಿ ಪಯಣಿಸಿದವರು ಇನ್ನೂ ನಮ್ಮ ನೆರೆಹೊರೆಯಲ್ಲಿದ್ದಾರೆ. ಡಬ್ಬಿಯ ಬಣ್ಣ ಯಾವುದು, ಬೆಂಚುಗಳು ಹೇಗಿದ್ದವು, ಯಾವ ನಿಲ್ದಾಣದಲ್ಲಿ ಮರವೊಂದು ನೆರಳು ಚೆಲ್ಲುತ್ತಿತ್ತು ಎಂಬುದನ್ನು ಅವರಿಂದ ಕೇಳಿ ಬರೆದುಕೊಳ್ಳುವುದೇ ಈ ಕೆಲಸದ ಮೊದಲ ಹೆಜ್ಜೆ. ಹಲಗೆಯನ್ನು ಬರುವ ತಿಂಗಳ ಸಂಬಳದಲ್ಲಿ ತಂದರಾಯಿತು. ಆ ಮಾತುಗಳನ್ನು ಮಾತ್ರ ಮುಂದೂಡಲಾಗದು.